ದುಡಿಮೆಯ ಸ್ಥಳದಲ್ಲಿ ಮನಸ್ಸಿನ ಕ್ಷೇಮ: ಏರ್ಪಾಟು ಇದ್ದರೆ ಸಾಲದು, ಅದರ ಗುಣಮಟ್ಟ ತಿಳಿಯಬೇಕು



ನಿಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಿಗ್ಗೆ ಸಂಜೆ ನಡೆಯುವ ಕೆಲಸವನ್ನು ನೀವು ದಿನವೂ ನೋಡುತ್ತೀರಿ. ಹಾಲು ತಂದವರು ಎಷ್ಟೇ ಪರಿಚಿತರಾಗಿರಲಿ, ಎಷ್ಟೇ ಪ್ರಾಮಾಣಿಕರಾಗಿರಲಿ, ಹಾಲನ್ನು ಅಳೆದು, ಮಾದರಿ ತೆಗೆದು, ಜಿಡ್ಡಿನ ಅಂಶವನ್ನು ಪರೀಕ್ಷಿಸಿದ ಮೇಲೆಯೇ ಅದನ್ನು ಪುಸ್ತಕದಲ್ಲಿ ಬರೆಯುತ್ತಾರೆ. "ನಮ್ಮ ಹಾಲು ಶುದ್ಧ" ಎಂದು ಕ್ಯಾನಿನ ಮೇಲೆ ಬರೆದು ತಂದರೆ ಯಾರೂ ಒಪ್ಪುವುದಿಲ್ಲ. ಹಾಲಿಗೆ ಇರುವ ಈ ನಿಯಮವು, ದುಡಿಯುವವರ ಮನಸ್ಸಿನ ಕ್ಷೇಮಕ್ಕೆಂದು ಕಾರ್ಖಾನೆಗಳಲ್ಲಿ ಮಾಡಿರುವ ಏರ್ಪಾಟುಗಳಿಗೂ ಅನ್ವಯಿಸಬೇಡವೇ? ಅಲ್ಲಿ ಸಲಹೆಗಾರರಿದ್ದಾರೆ, ದೂರಿನ ಪೆಟ್ಟಿಗೆ ಇದೆ, ಸಮಿತಿ ಇದೆ ಎಂದು ಗೋಡೆಯ ಮೇಲೆ ಬರೆದಿರುತ್ತದೆ. ಅವು ನಿಜವಾಗಿ ಕೆಲಸ ಮಾಡುತ್ತಿವೆಯೇ ಎಂಬುದನ್ನು ತಿಳಿಯುವ ಬಗೆ ಹೇಗೆ? ಈ ಲೇಖನದಲ್ಲಿ ವಿವರಿಸಿರುವುದು ಇದನ್ನೇ.

ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಕಾರ್ಖಾನೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹಿಂದೆ ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಆಸುಪಾಸಿನಲ್ಲಿ ಬೆಳೆದ ಸಿದ್ಧ ಉಡುಪಿನ ಉದ್ಯಮವು ಈಗ ರಾಮನಗರ, ಮದ್ದೂರು, ದೊಡ್ಡಬಳ್ಳಾಪುರ, ಹಾಸನ, ಶಿವಮೊಗ್ಗಗಳವರೆಗೂ ಹರಡಿದೆ. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಅವರಲ್ಲಿ ಅನೇಕರು ಹಳ್ಳಿಯಲ್ಲಿಯೇ ಮನೆ ಮಾಡಿಕೊಂಡು, ಬೆಳಗಿನ ಜಾವ ಎದ್ದು ಅಡಿಗೆ ಮುಗಿಸಿ, ವ್ಯಾನಿನಲ್ಲಿ ಅಥವಾ ಬಸ್ಸಿನಲ್ಲಿ ಹೋಗಿ ಬರುವ ಗೃಹಿಣಿಯರು. ಹಗಲಿನಲ್ಲಿ ಅಲ್ಲಿ ನಡೆದದ್ದು ರಾತ್ರಿ ಮನೆಗೆ ಬರುತ್ತದೆ. ಬೈಸಿಕೊಂಡು ಬಂದ ತಾಯಿ ಮಗುವಿನ ಮೇಲೆ ರೇಗುತ್ತಾಳೆ; ಊಟ ರುಚಿಸುವುದಿಲ್ಲ; ನಿದ್ರೆ ಹತ್ತುವುದಿಲ್ಲ; ಗಂಡಹೆಂಡಿರ ನಡುವೆ ಮಾತು ಕಡಿಮೆಯಾಗುತ್ತದೆ. ಕಾರಣ ತಿಳಿಯದ ಪತಿಯು ಅವಳಿಗೆ ಸಂಬಳದ ಗರ್ವ ಬಂದಿದೆ ಎಂದು ತಪ್ಪು ತಿಳಿಯುವುದೂ ಉಂಟು. ಆದುದರಿಂದ ಇದು ಸಂಸಾರಕ್ಕೆ ಸಂಬಂಧಿಸಿದ ವಿಷಯವೇ ಸರಿ.

ಮನಸ್ಸಿಗೆ ಪೆಟ್ಟಾಗುವುದು ಹೇಗೆ?

ಯಂತ್ರದ ಸೂಜಿ ಬೆರಳಿಗೆ ಚುಚ್ಚಿದರೆ ರಕ್ತ ಬರುತ್ತದೆ, ಎಲ್ಲರಿಗೂ ಕಾಣುತ್ತದೆ, ಪ್ರಥಮ ಚಿಕಿತ್ಸೆಯೂ ದೊರೆಯುತ್ತದೆ. ಮನಸ್ಸಿಗಾದ ಪೆಟ್ಟು ಹಾಗಲ್ಲ. ಒಂದು ದಿನದ ಬೈಗುಳದಿಂದ ಯಾರೂ ರೋಗಿಯಾಗುವುದಿಲ್ಲ. ಆದರೆ ಅದೇ ಭಯ, ಅದೇ ಅವಮಾನ, ಅದೇ ಆತುರ ದಿನಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿದರೆ ದೇಹವೂ ಮನಸ್ಸೂ ಒಟ್ಟಿಗೆ ಸೋಲುತ್ತವೆ. ತಲೆನೋವು, ಎದೆಬಡಿತ, ಹೊಟ್ಟೆಯುರಿ, ಸುಮ್ಮಸುಮ್ಮನೆ ಅಳು, ಕೆಲಸಕ್ಕೆ ಹೊರಡುವಾಗ ಕೈಕಾಲು ನಡುಗುವುದು, ಇವೆಲ್ಲ ಅದರ ಗುರುತುಗಳು.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಖಿನ್ನತೆ ಮತ್ತು ಆತಂಕ ಇವೆರಡರಿಂದಲೇ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ದುಡಿಮೆಯ ದಿನಗಳು ನಷ್ಟವಾಗುತ್ತಿವೆ. ಇಷ್ಟು ದೊಡ್ಡ ಸಂಖ್ಯೆಯನ್ನು ಊಹಿಸಿಕೊಳ್ಳುವುದು ಕಷ್ಟ. ನಿಮ್ಮ ಮನೆಯಲ್ಲಿ ಕಳೆದ ತಿಂಗಳು "ಇವತ್ತು ನನ್ನ ಕೈಲಿ ಹೋಗಲಾಗದು" ಎಂದು ಕುಳಿತ ಒಂದು ದಿನವಿದ್ದರೆ, ಆ ಲೆಕ್ಕದ ಅರ್ಥ ಅಲ್ಲಿಯೇ ಇದೆ.

ಯಾವ ಬಗೆಯ ಕೆಲಸ ಮನಸ್ಸನ್ನು ಹೆಚ್ಚು ಹಣ್ಣು ಮಾಡುತ್ತದೆ ಎಂಬ ವಿಚಾರದಲ್ಲಿ ಅಮೆರಿಕದ ರಾಬರ್ಟ್ ಕರಾಸೆಕ್ ಎಂಬ ವಿದ್ವಾಂಸರು 1979ರಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿದರು. ಕೆಲಸದ ಹೊರೆ ಹೆಚ್ಚಿದ್ದ ಮಾತ್ರಕ್ಕೆ ಮನುಷ್ಯ ಕುಸಿಯುವುದಿಲ್ಲ. ಹೊರೆ ಹೆಚ್ಚಾಗಿದ್ದು ಅದರ ಮೇಲೆ ತನ್ನ ಹತೋಟಿ ಸ್ವಲ್ಪವೂ ಇಲ್ಲದಿದ್ದಾಗ ಕುಸಿಯುತ್ತಾನೆ. ನಾಟಿಯ ದಿನಗಳಲ್ಲಿ ನೀವು ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ದುಡಿಯುತ್ತೀರಿ, ನಿಜ. ಆದರೆ ಬಾಯಾರಿದರೆ ಬದುವಿನ ಮೇಲೆ ಕುಳಿತು ನೀರು ಕುಡಿಯಲು ಯಾರ ಅಪ್ಪಣೆಯೂ ಬೇಡ. ಉಡುಪಿನ ಲೈನಿನಲ್ಲಿ ಕುಳಿತ ಹೆಣ್ಣುಮಗಳ ಸ್ಥಿತಿ ಬೇರೆ. ಗಂಟೆಗೆ ಇಷ್ಟು ಪೀಸು ಎಂದು ಬೋರ್ಡಿನಲ್ಲಿ ಬರೆದಿರುತ್ತದೆ. ಹಿಂದಿನವರು ಕೊಟ್ಟ ಪೀಸು ಎದುರಿಗೆ ರಾಶಿ ಬೀಳುತ್ತದೆ, ಮುಂದಿನವರು ಕಾಯುತ್ತಿರುತ್ತಾರೆ. ಮೂತ್ರಕ್ಕೆ ಎದ್ದರೆ ಕೆಲಸ ನಿಂತೀತೆಂದು ಹೆದರಿ ನೀರನ್ನೇ ಕುಡಿಯದಿರುವವರಿದ್ದಾರೆ. ಹೀಗೆ ನೀರು ಬಿಟ್ಟು, ಮೂತ್ರ ತಡೆದು ಕುಳಿತವರಲ್ಲಿ ಮೂತ್ರನಾಳದ ಸೋಂಕು ಸುಲಭವಾಗಿ ತಲೆದೋರುತ್ತದೆ. ಗರ್ಭಿಣಿಯರಲ್ಲಿ ಈ ಸೋಂಕು ತಾಯಿಗೂ ಮಗುವಿಗೂ ಅಪಾಯಕಾರಿ. ನೋಡಿ, ಮನಸ್ಸಿನ ಭಯವು ಎಲ್ಲಿಂದ ಎಲ್ಲಿಗೆ ಬಂದು ಮುಟ್ಟಿತು!

ಗುಣಮಟ್ಟ ನಿರ್ವಹಣೆ ಎಂದರೇನು?

ಕೆನಡಾ ದೇಶವು 2013ರಲ್ಲಿ, ದುಡಿಮೆಯ ಸ್ಥಳದಲ್ಲಿ ಮಾನಸಿಕ ಆರೋಗ್ಯ ಮತ್ತು ಸುರಕ್ಷತೆ ಹೇಗಿರಬೇಕೆಂಬುದಕ್ಕೆ ಒಂದು ರಾಷ್ಟ್ರೀಯ ಮಾನಕವನ್ನು ಹೊರಡಿಸಿತು. 2021ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಐಎಸ್‌ಓ 45003 ಎಂಬ ಹೆಸರಿನ ಮಾರ್ಗದರ್ಶಿಯನ್ನು ಪ್ರಕಟಿಸಿತು. ಇವುಗಳ ತಿರುಳು ಬಹಳ ಸರಳ. ಅಪಾಯ ಯಾವುದೆಂದು ಮೊದಲು ಗುರುತಿಸಿ ಯೋಜನೆ ಮಾಡು, ಅದರಂತೆ ನಡೆ, ನಡೆದದ್ದನ್ನು ಪರೀಕ್ಷಿಸು, ಕಂಡ ಕೊರತೆಯನ್ನು ತಿದ್ದು, ಮತ್ತೆ ಮೊದಲಿನಿಂದ ಆರಂಭಿಸು. ಈ ನಾಲ್ಕು ಹೆಜ್ಜೆಗಳ ಸುತ್ತನ್ನು ಜನಪ್ರಿಯಗೊಳಿಸಿದವರಲ್ಲಿ ಮುಖ್ಯರು ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್. ಅವರು 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಉದ್ಯಮಿಗಳಿಗೆ ಗುಣಮಟ್ಟದ ಪಾಠ ಹೇಳಿದರು. ತಪ್ಪಿನ ಬಹುಭಾಗಕ್ಕೆ ಕಾರಣ ಕೆಲಸಗಾರನಲ್ಲ, ಕೆಲಸವನ್ನು ಏರ್ಪಡಿಸಿದ ಕ್ರಮ ಎಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು.

ಉಡುಪಿನ ಕಾರ್ಖಾನೆಯಲ್ಲಿ ದುಡಿಯುವವರಿಗೆ ಇದು ಹೊಸದೇನೂ ಅಲ್ಲ. ಹೊಲಿದ ಪ್ರತಿ ಪೀಸನ್ನೂ ಚೆಕ್ಕರ್ ತಿರುವಿ ನೋಡುತ್ತಾರೆ; ಹೊಲಿಗೆ ಬಿಟ್ಟಿದ್ದರೆ ಆಲ್ಟರ್ ಎಂದು ಹಿಂದಕ್ಕೆ ಬರುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಆಲ್ಟರ್ ಬಂದರೆ, ಯಂತ್ರ ಕೆಟ್ಟಿದೆಯೋ, ನೂಲು ಸರಿಯಿಲ್ಲವೋ ಎಂದು ವಿಚಾರಿಸುತ್ತಾರೆ. ಅಂಗಿಯ ಕಾಲರಿಗೆ ತೋರುವ ಈ ಎಚ್ಚರವನ್ನು ಅದನ್ನು ಹೊಲಿದವಳ ಮನಸ್ಸಿಗೂ ತೋರಬೇಕೆಂಬುದೇ ಇಲ್ಲಿಯ ವಾದ. ಒಂದೇ ಲೈನಿನಿಂದ ತಿಂಗಳಿಗೆ ನಾಲ್ಕಾರು ಮಂದಿ ಕೆಲಸ ಬಿಟ್ಟು ಹೋಗುತ್ತಿದ್ದರೆ ಅದೂ ಒಂದು ಆಲ್ಟರ್. ಅದನ್ನು ಯಾರು ಎಣಿಸುತ್ತಿದ್ದಾರೆ?

ಏನನ್ನು ಪರೀಕ್ಷಿಸಬೇಕು ಎಂಬುದಕ್ಕೆ ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯು 2004ರಲ್ಲಿ ಆರು ಅಂಶಗಳನ್ನು ಹೇಳಿತು: ಕೆಲಸದ ಹೊರೆ, ಅದರ ಮೇಲಿನ ಹತೋಟಿ, ಮೇಲಿನವರ ಮತ್ತು ಜೊತೆಯವರ ಬೆಂಬಲ, ಪರಸ್ಪರ ವರ್ತನೆ, ತನ್ನ ಕೆಲಸ ಯಾವುದೆಂಬ ಸ್ಪಷ್ಟತೆ, ಬದಲಾವಣೆಗಳನ್ನು ತಿಳಿಸುವ ರೀತಿ. ಕೊನೆಯ ಎರಡು ಸಣ್ಣವೆಂದು ತೋರಿದರೂ, ಹೇಳದೆ ಕೇಳದೆ ಬೇರೆ ಲೈನಿಗೆ ಎಬ್ಬಿಸಿ ಕೂರಿಸಿದಾಗ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು.

ಕೆಲಸವನ್ನು ತಿದ್ದಬೇಕೋ, ಕೆಲಸಗಾರರನ್ನೋ?

ಅನೇಕ ಕಡೆ ಮಾನಸಿಕ ಆರೋಗ್ಯದ ಕಾರ್ಯಕ್ರಮವೆಂದರೆ ವರ್ಷಕ್ಕೊಮ್ಮೆ ಒಂದು ಭಾಷಣ, ಒಂದು ಯೋಗದ ತರಗತಿ, ಒಂದು ಫೋಟೋ. ಯೋಗ ಒಳ್ಳೆಯದೇ, ಅದನ್ನು ಈ ಲೇಖಕರು ಹಳಿಯುವುದಿಲ್ಲ. ಆದರೆ ಸೋರುವ ಮಾಡಿನ ಕೆಳಗೆ ಕುಳಿತವನಿಗೆ ಛಳಿಯನ್ನು ತಾಳಿಕೊಳ್ಳುವ ವಿದ್ಯೆ ಕಲಿಸಿದರೆ ಮಾಡು ಸರಿಹೋಗುತ್ತದೆಯೇ? ಬ್ರಿಟನ್ನಿನ 233 ಸಂಸ್ಥೆಗಳ 46,336 ಕೆಲಸಗಾರರ ಉತ್ತರಗಳನ್ನು ಪರಿಶೀಲಿಸಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಅವರು 2024ರಲ್ಲಿ ಒಂದು ಲೇಖನ ಪ್ರಕಟಿಸಿದರು. ಒತ್ತಡ ತಾಳುವ ತರಬೇತಿ, ಧ್ಯಾನ, ನಿದ್ರೆಗೆ ನೆರವಾಗುವ ಮೊಬೈಲ್ ಕಾರ್ಯಕ್ರಮ ಮುಂತಾದವುಗಳಲ್ಲಿ ಭಾಗವಹಿಸಿದವರು, ಭಾಗವಹಿಸದವರಿಗಿಂತ ಹೆಚ್ಚು ನೆಮ್ಮದಿಯಿಂದಿರುವುದು ಅಲ್ಲಿ ಕಂಡುಬರಲಿಲ್ಲ. ಸ್ವಯಂಸೇವೆಯ ಅವಕಾಶ ಒದಗಿಸಿದುದು ಮಾತ್ರ ಇದಕ್ಕೆ ಹೊರತಾಗಿತ್ತು. ಕೆಲಸದ ಕ್ರಮವನ್ನು ಬದಲಾಯಿಸದೆ ಕೆಲಸಗಾರರ ಮನಸ್ಸನ್ನು ಮಾತ್ರ ಗಟ್ಟಿ ಮಾಡುತ್ತೇವೆ ಎನ್ನುವವರು ಈ ಫಲಿತಾಂಶವನ್ನು ಗಮನಿಸಬೇಕು.

ಹಾಗಾದರೆ ಕೆಲಸದ ಕ್ರಮವನ್ನು ತಿದ್ದುವುದೆಂದರೆ ಏನು? ಒಂದು ಉದಾಹರಣೆ ನೋಡೋಣ. ಕಾರ್ಖಾನೆಯಲ್ಲಿ ಹೊಸ ಮಾದರಿಯ ಉಡುಪು ಲೈನಿಗೆ ಬಂದಾಗ ಮೊದಲ ಕೆಲವು ದಿನ ಕೈ ಕುದುರುವುದಿಲ್ಲ. ಪೀಸು ಕಡಿಮೆ ಬೀಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ಬೋರ್ಡಿನ ಮೇಲಿನ ಟಾರ್ಗೆಟ್ ಹಳೆಯದೇ ಆಗಿದ್ದರೆ ಏನಾಗುತ್ತದೆ? ಸರಕು ಕೊಳ್ಳುವ ಹೊರದೇಶದ ಕಂಪನಿ ಹಡಗಿನ ದಿನ ಗೊತ್ತು ಮಾಡಿರುತ್ತದೆ. ಆ ಅವಸರ ಮೇಲಧಿಕಾರಿಯಿಂದ ಫ್ಲೋರ್ ಇನ್‌ಚಾರ್ಜ್‌ಗೆ, ಅವರಿಂದ ಸೂಪರ್‌ವೈಸರಿಗೆ ಇಳಿದು, ಕೊನೆಗೆ ಯಂತ್ರದ ಮುಂದೆ ಕುಳಿತವಳ ಮೇಲೆ ಬೈಗುಳವಾಗಿ ಬೀಳುತ್ತದೆ. ಸೂಪರ್‌ವೈಸರಿಗೆ "ಸಭ್ಯವಾಗಿ ಮಾತಾಡಿ" ಎಂದು ಒಂದು ದಿನದ ತರಬೇತಿ ಕೊಟ್ಟು, ಅವನ ತಲೆಯ ಮೇಲಿನ ಟಾರ್ಗೆಟ್ಟನ್ನು ಹಾಗೆಯೇ ಬಿಟ್ಟರೆ ಬೈಗುಳ ಎರಡು ವಾರ ನಿಲ್ಲಬಹುದು, ಅಷ್ಟೆ. ಯಾವ ದಿನಗಳಲ್ಲಿ ಕೂಗಾಟ ಹೆಚ್ಚು ಎಂದು ಬರೆದಿಟ್ಟು ನೋಡಿದ ಆಡಳಿತವು, ಹೊಸ ಮಾದರಿಯ ಮೊದಲ ದಿನಗಳ ಟಾರ್ಗೆಟ್ಟನ್ನು ಇಳಿಸಿ ಮೆಲ್ಲಗೆ ಏರಿಸುತ್ತದೆ. ಗುಣಮಟ್ಟ ನಿರ್ವಹಣೆ ಎಂಬುದು ಇದಕ್ಕೇ. ಸೂಪರ್‌ವೈಸರನೂ ಸಂಬಳಕ್ಕೆ ದುಡಿಯುವ ಮನುಷ್ಯನೇ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ ಎಂಬುದನ್ನು ಮರೆಯಬಾರದು. ಹಾಗೆಂದು ಅವನ ಕೆಟ್ಟ ಮಾತಿಗೆ ಕ್ಷಮೆಯಿದೆ ಎಂದಲ್ಲ.

ಬಿಸಿಲಿನ ದಿನಗಳ ಸೆಕೆಯೂ ಇಂಥದೇ ಒಂದು ಕಾರಣ. ಬೆಂಗಳೂರಿನ ಸುತ್ತಲಿನ ಉಡುಪು ಕಾರ್ಖಾನೆಗಳಲ್ಲಿ ಹಳೆಯ ದೀಪಗಳ ಬದಲು ಎಲ್‌ಇಡಿ ದೀಪಗಳನ್ನು ಹಾಕಿದಾಗ ಏನಾಯಿತೆಂದು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ. ಈ ದೀಪಗಳು ಕಡಿಮೆ ಶಾಖ ಸೂಸುವುದರಿಂದ, ಸೆಕೆ ಹೆಚ್ಚಾದ ದಿನಗಳಲ್ಲಿ ಕೆಲಸಗಾರರ ಉತ್ಪಾದನೆಯೇ ಹೆಚ್ಚಿದುದು ಕಂಡುಬಂದಿತು. ಬೈದು ಹೆಚ್ಚಿಸಲಾಗದ ಪೀಸನ್ನು ದೀಪ ಬದಲಾಯಿಸಿ ಹೆಚ್ಚಿಸಬಹುದಾದರೆ, ಬೈಯುವುದಾದರೂ ಏಕೆ?

"ನಮ್ಮಲ್ಲಿ ದೂರುಗಳೇ ಇಲ್ಲ"

ದೂರಿನ ಪೆಟ್ಟಿಗೆ ಖಾಲಿಯಾಗಿದೆ, ಆದುದರಿಂದ ಎಲ್ಲರೂ ಸುಖವಾಗಿದ್ದಾರೆ ಎಂದು ಹೇಳುವ ಆಡಳಿತಗಳುಂಟು. ಆರೋಗ್ಯ ಇಲಾಖೆಯವರು ಇಂಥ ಮಾತನ್ನು ಸುಲಭವಾಗಿ ನಂಬುವುದಿಲ್ಲ. ಮಲೇರಿಯ ಹಬ್ಬಿರುವ ಕಾಲದಲ್ಲಿ ಒಂದು ಉಪಕೇಂದ್ರದ ಪುಸ್ತಕದಲ್ಲಿ ಜ್ವರದ ಪ್ರಕರಣ ಸೊನ್ನೆ ಎಂದಿದ್ದರೆ, ಅಲ್ಲಿ ಜ್ವರವಿಲ್ಲ ಎಂದು ತಿಳಿಯುವುದಕ್ಕೆ ಮೊದಲು, ಅಲ್ಲಿ ಯಾರೂ ರಕ್ತಲೇಪನ ತೆಗೆದಿಲ್ಲವೇನೋ ಎಂದು ನೋಡಬೇಕು. ದೂರಿನ ಪೆಟ್ಟಿಗೆಯನ್ನು ಸೂಪರ್‌ವೈಸರನ ಮೇಜಿನ ಎದುರಿಗೆ ತೂಗುಹಾಕಿದ್ದರೆ ಅದರಲ್ಲಿ ಚೀಟಿ ಹಾಕುವವರು ಯಾರು? ಅದರ ಬೀಗದ ಕೈ ಯಾರ ಬಳಿ ಇದೆ? ಒಡಿಶಾ, ಜಾರ್ಖಂಡ್‌ಗಳಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರೂ ಈಗ ಇಲ್ಲಿಯ ಕಾರ್ಖಾನೆಗಳಲ್ಲಿದ್ದಾರೆ. ಅವರ ಭಾಷೆಯಲ್ಲಿ ಕೇಳುವವರಿದ್ದಾರೆಯೇ?

ಒಳ್ಳೆಯ ಕಾರ್ಯಕ್ರಮವನ್ನು ಆರಂಭಿಸಿದ ಮೊದಲ ವರ್ಷದಲ್ಲಿ ದೂರುಗಳ ಸಂಖ್ಯೆ ಏರುವುದೇ ಸಹಜ. ಇಷ್ಟು ದಿನ ನುಂಗಿಕೊಂಡಿದ್ದವರು ಬಾಯಿ ಬಿಡುತ್ತಾರೆ. ಆ ಏರಿಕೆಯನ್ನು ಕಂಡು ಹೆದರಿ ಕಾರ್ಯಕ್ರಮವನ್ನೇ ನಿಲ್ಲಿಸುವುದು, ಜ್ವರ ತೋರಿಸಿತೆಂದು ಥರ್ಮಾಮೀಟರನ್ನು ಒಡೆದಂತೆ.

ಇಲ್ಲಿ ಇನ್ನೊಂದು ಅಧ್ಯಯನವನ್ನು ಹೇಳಬೇಕು. ಭಾರತದ ಉಡುಪು ಕಾರ್ಖಾನೆಗಳಲ್ಲಿ ನಡೆಸಿದ ಒಂದು ಪ್ರಯೋಗದ ವಿವರ 2022ರಲ್ಲಿ ಪ್ರಕಟವಾಯಿತು. ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿದ ಸಮಯದಲ್ಲಿ, ಚೀಟಿ ಎತ್ತಿದಂತೆ ಆರಿಸಿದ ಕೆಲವು ಕೆಲಸಗಾರರನ್ನು ಹೆಸರು ಕೇಳದೆ ಪ್ರಶ್ನಿಸಲಾಯಿತು: ಕೆಲಸದ ಸ್ಥಿತಿ ಹೇಗಿದೆ, ಸೂಪರ್‌ವೈಸರ್ ಹೇಗೆ ನಡೆದುಕೊಳ್ಳುತ್ತಾರೆ, ನಿಮಗೆ ತೃಪ್ತಿಯಿದೆಯೇ? ಹೀಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಟ್ಟು ಹೋಗುವುದೂ ಗೈರುಹಾಜರಿಯೂ ಕಡಿಮೆಯಾದವು. ಹೆಚ್ಚು ನಿರಾಶರಾಗಿದ್ದವರಲ್ಲಿ ಈ ಪರಿಣಾಮ ಹೆಚ್ಚಾಗಿ ಕಂಡಿತು. ತನ್ನ ಮಾತನ್ನು ಒಬ್ಬರು ಕೇಳಿದರು ಎಂಬುದೇ ಮನುಷ್ಯನಿಗೆ ಎಷ್ಟು ದೊಡ್ಡದು! ಆದರೆ ಕೇಳುವುದು ತಿದ್ದುವುದಕ್ಕೆ ಬದಲಿಯಾಗಬಾರದು. ವರ್ಷ ವರ್ಷವೂ ಕೇಳಿ, ಒಂದನ್ನೂ ತಿದ್ದದಿದ್ದರೆ, ಮುಂದೆ ಯಾರೂ ನಿಜ ಹೇಳುವುದಿಲ್ಲ.

ಶಿಶುವಿಹಾರವನ್ನು ಪರೀಕ್ಷಿಸುವುದು ಇನ್ನೂ ಸುಲಭ. ಐವತ್ತಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುವಿಹಾರದ ಏರ್ಪಾಟನ್ನು ಈಗಿನ ಕಾನೂನು ಹೇಳುತ್ತದೆ. ಕೋಣೆಯಿದೆ, ತೊಟ್ಟಿಲಿದೆ, ಗೋಡೆಯ ಮೇಲೆ ಆನೆಯ ಚಿತ್ರವೂ ಇದೆ; ಮಕ್ಕಳು ಮಾತ್ರ ಎರಡೇ ಇದ್ದಾರೆ ಎಂದಾದರೆ ಕಾರಣ ಹುಡುಕಬೇಕು. ವ್ಯಾನಿನಲ್ಲಿ ಮಗುವನ್ನು ಕರೆದೊಯ್ಯಲು ಬಿಡುವುದಿಲ್ಲವೋ, ಎದೆಹಾಲು ಕೊಡಲು ಎದ್ದರೆ ಗೊಣಗುತ್ತಾರೋ, ಆಯಾ ಒಬ್ಬಳೇ ಇದ್ದಾಳೋ? ಹಾಲು ಕುಡಿಯುವ ಕೂಸನ್ನು ಅಜ್ಜಿಯ ಬಳಿ ಬಿಟ್ಟು ಬಂದ ತಾಯಿಯ ಮನಸ್ಸು ಹಗಲೆಲ್ಲ ಎಲ್ಲಿರುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ.

ಕಾನೂನಿನ ಸಮಿತಿಗಳು ಮತ್ತು ಅವುಗಳ ಪರೀಕ್ಷೆ

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಸ್ಥಳದಲ್ಲಿಯೂ, ಹೆಂಗಸರ ಮೇಲಿನ ಲೈಂಗಿಕ ಕಿರುಕುಳವನ್ನು ವಿಚಾರಿಸಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯಿದೆ ವಿಧಿಸಿದೆ. ಅಧ್ಯಕ್ಷತೆ ಹಿರಿಯ ಸ್ಥಾನದ ಮಹಿಳೆಯದು. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಮಹಿಳೆಯರು. ಹೊರಗಿನ ಸ್ವಯಂಸೇವಾ ಸಂಸ್ಥೆಯಿಂದ ಅಥವಾ ಈ ವಿಷಯ ಬಲ್ಲವರಲ್ಲಿ ಒಬ್ಬರು ಇರಬೇಕು. ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಬರಹದಲ್ಲಿ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಬರೆಯಲು ಬಾರದವರಿಗೆ ನೆರವಾಗುವುದು ಸಮಿತಿಯ ಕರ್ತವ್ಯ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ವಿಚಾರಣೆ ನಡೆಯುವಾಗ ದೂರು ಕೊಟ್ಟವಳು ಬೇರೆ ಕಡೆಗೆ ವರ್ಗ ಅಥವಾ ಮೂರು ತಿಂಗಳವರೆಗೆ ರಜೆ ಕೇಳಬಹುದು.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿಯೇ ಇದೆ. ಆದರೆ ಕಾಯಿದೆ ಬಂದು ಹತ್ತು ವರ್ಷವಾದ ಮೇಲೂ ಅದರ ಪಾಲನೆಯಲ್ಲಿ ಗಂಭೀರ ಲೋಪಗಳಿವೆ ಎಂದು ಸರ್ವೋಚ್ಚ ನ್ಯಾಯಾಲಯವು 2023ರ ಮೇ ತಿಂಗಳಲ್ಲಿ ಹೇಳಬೇಕಾಯಿತು. 30 ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳಲ್ಲಿ 16ರಲ್ಲಿ ಇಂಥ ಸಮಿತಿಯೇ ಇಲ್ಲವೆಂಬ ಪತ್ರಿಕಾ ವರದಿಯನ್ನು ನ್ಯಾಯಾಲಯವು ಆಗ ಉಲ್ಲೇಖಿಸಿತು. ದೊಡ್ಡ ದೊಡ್ಡ ಸಂಸ್ಥೆಗಳ ಪಾಡೇ ಹೀಗಿದ್ದರೆ ಉಳಿದ ಕಡೆ ಎಚ್ಚರ ಬೇಡವೇ?

ಆದುದರಿಂದ ಸಮಿತಿ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಸದಸ್ಯರ ಹೆಸರುಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದಾರೆಯೇ? ಲೈನಿನ ಕೊನೆಯ ಹೆಲ್ಪರಿಗೆ ಆ ಹೆಸರು ಗೊತ್ತೇ? ಹೊರಗಿನ ಸದಸ್ಯರು ಯಾವಾಗಲಾದರೂ ಬಂದು ಕೆಲಸಗಾರರ ಜೊತೆ ಮಾತನಾಡಿದ್ದಾರೆಯೇ? ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಹಿಂದೆ ದೂರು ಕೊಟ್ಟವಳು ಈಗ ಎಲ್ಲಿದ್ದಾಳೆ? ಆರು ತಿಂಗಳ ಮೇಲೂ ಅದೇ ಸಂಬಳದಲ್ಲಿ, ಅದೇ ಗೌರವದಲ್ಲಿ ಅವಳು ದುಡಿಯುತ್ತಿದ್ದರೆ ಆ ಕಾರ್ಯಕ್ರಮ ಬದುಕಿದೆ. ದೂರು ಕೊಟ್ಟವಳು ಕೆಲಸ ಬಿಟ್ಟು, ದೂರಿಗೆ ಗುರಿಯಾದವನು ಅಲ್ಲೇ ಇದ್ದರೆ, ಗೋಡೆಯ ಮೇಲೆ ಎಷ್ಟು ಫಲಕಗಳಿದ್ದರೂ ಉಳಿದವರು ಪಾಠ ಕಲಿತಿರುತ್ತಾರೆ. ಕಲಿತ ಪಾಠವೆಂದರೆ ಬಾಯಿ ಮುಚ್ಚಿಕೊಂಡಿರುವುದು.

ಲೈಂಗಿಕ ಸ್ವರೂಪದ್ದಲ್ಲದ ಬೈಗುಳ, ಅವಮಾನ, ರಜೆ ನಿರಾಕರಣೆ ಮುಂತಾದ ಕುಂದುಕೊರತೆಗಳಿಗೆ ಬೇರೆ ದಾರಿಯಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ, 20 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಆಡಳಿತದವರೂ ಕೆಲಸಗಾರರೂ ಸಮಸಂಖ್ಯೆಯಲ್ಲಿರಬೇಕು. ಅರ್ಜಿ ಬಂದ 30 ದಿನಗಳಲ್ಲಿ ಅದು ತೀರ್ಮಾನಿಸಬೇಕು. ಹೆಚ್ಚುವರಿ ಗಂಟೆಯ ದುಡಿಮೆಗೆ ಎರಡರಷ್ಟು ಕೂಲಿ ಎಂಬ ಹಳೆಯ ನಿಯಮ ಈಗಲೂ ಉಳಿದಿದೆ. ಅಂಥ ದುಡಿಮೆಗೆ ಕೆಲಸಗಾರರ ಒಪ್ಪಿಗೆಯೂ ಬೇಕು.

ಹತ್ತು ಮಂದಿಗಿಂತ ಕಡಿಮೆ ಇರುವ ಕಡೆ, ಅಥವಾ ಮಾಲೀಕನ ಮೇಲೆಯೇ ದೂರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಕೂಲಿಗೆ ಹೋಗುವ ಹೆಂಗಸರಿಗೂ ಮನೆಗೆಲಸದವರಿಗೂ ಈ ಸಮಿತಿಯ ಆಶ್ರಯವಿದೆ ಎಂಬುದು ಹಳ್ಳಿಗಳಲ್ಲಿ ಅಷ್ಟಾಗಿ ತಿಳಿದಿಲ್ಲ.

ಮನೆಯಲ್ಲಿ ದಂಪತಿಗಳು ಮಾಡಬಹುದಾದುದು

ಹೆಂಡತಿ ಒಂದು ದಿನ, "ಏನೂಂದ್ರೆ, ನಾಳೆಯಿಂದ ನಾನು ಕೆಲಸಕ್ಕೆ ಹೋಗಲ್ಲ" ಎಂದರೆ ಗಂಡಂದಿರು ಸಾಮಾನ್ಯವಾಗಿ ಎರಡರಲ್ಲೊಂದು ಉತ್ತರ ಕೊಡುತ್ತಾರೆ. "ಬಿಟ್ಟುಬಿಡು, ಯಾರು ಹೋಗು ಅಂದೋರು" ಎಂಬುದು ಒಂದು. "ಎಲ್ಲಾ ಕಡೆನೂ ಇದ್ದದ್ದೇ, ಸಾಲದ ಕಂತು ಯಾರು ಕಟ್ಟೋರು" ಎಂಬುದು ಇನ್ನೊಂದು. ಎರಡರಿಂದಲೂ ಅವಳ ಮಾತು ಅಲ್ಲಿಗೇ ನಿಂತುಹೋಗುತ್ತದೆ. "ಏನಾಯ್ತು ಹೇಳು" ಎಂದು ಕೇಳಿ, ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳುವುದು ಮೊದಲ ಚಿಕಿತ್ಸೆ. ಕಿರುಕುಳದ ಮಾತನ್ನು ಹೇಳಿದಾಗ "ನೀನು ಯಾಕೆ ಅವನ ಜೊತೆ ಮಾತಾಡಿದೆ" ಎಂದು ಅವಳನ್ನೇ ಶಂಕಿಸಿದರೆ, ಮುಂದೆ ಅವಳು ಯಾರ ಬಳಿಯೂ ಹೇಳಲಾರಳು.

ಮಕ್ಕಳ ಹಳೆಯ ನೋಟುಪುಸ್ತಕವೊಂದರಲ್ಲಿ ತಾರೀಖು, ನಡೆದ ಮಾತು, ಹತ್ತಿರದಲ್ಲಿದ್ದವರು ಯಾರು ಎಂಬುದನ್ನು ಇಬ್ಬರೂ ಕೂತು ಬರೆದಿಡಿ. ಅವಳಿಗೆ ಬರೆಯಲು ಬಾರದಿದ್ದರೆ ನೀವು ಬರೆಯಿರಿ. ಮುಂದೆ ಸಮಿತಿಯ ಮುಂದೆ ಇದು ಸಹಾಯಕ್ಕೆ ಬರುತ್ತದೆ; ಅಲ್ಲದೆ ಯಾವ ದಿನಗಳಲ್ಲಿ ಸಂಕಟ ಹೆಚ್ಚೆಂಬುದು ನಿಮಗೇ ತಿಳಿಯುತ್ತದೆ. ಮನೆಗೆಲಸದ ಪಾಲನ್ನು ಪತಿಯೂ ಹೊರಬೇಕು. ಎಂಟು ಗಂಟೆ ಯಂತ್ರದ ಮುಂದೆ ಕುಳಿತು, ಎರಡು ಗಂಟೆ ಬಸ್ಸಿನಲ್ಲಿ ಕಳೆದು ಬಂದವಳು ಮತ್ತೆ ನೀರು ಹೊತ್ತು, ಮುದ್ದೆ ತೊಳಸಿ, ಪಾತ್ರೆ ಬೆಳಗಬೇಕಾದರೆ, ಯಾವ ಕಾರ್ಖಾನೆಯ ಯಾವ ಕಾರ್ಯಕ್ರಮವೂ ಅವಳ ಮನಸ್ಸನ್ನು ಕಾಯಲಾರದು. ಲಾರಿ ಓಡಿಸುವ, ಗಾರೆ ಕೆಲಸದ, ಕಾರ್ಖಾನೆಗೆ ಹೋಗುವ ಗಂಡಸರಿಗೂ ಇದೇ ಸಂಕಟಗಳಿವೆ. ಅವರು ಅದನ್ನು ಮಾತಿನಲ್ಲಿ ಹೇಳದೆ ಹೆಂಡದಂಗಡಿಯಲ್ಲಿ ಮರೆಯಲು ನೋಡುತ್ತಾರೆ. ಕುಡಿತದಿಂದ ನಿದ್ರೆಯೂ ಮನಸ್ಸೂ ಇನ್ನಷ್ಟು ಕೆಡುತ್ತವೆ.

ನಿದ್ರೆಯಿಲ್ಲದಿರುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಊಟ ಸೇರದಿರುವುದು, ತಾನು ಯಾವ ಪ್ರಯೋಜನಕ್ಕೂ ಬಾರದವಳೆಂಬ ಭಾವನೆ, ಇವು ಎರಡು ವಾರಕ್ಕೂ ಮೀರಿ ಉಳಿದರೆ ವೈದ್ಯರನ್ನು ಕಾಣಲೇಬೇಕು. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಬೆಳೆಯ ಔಷಧಿಯನ್ನು ಅಂದೇ ಬೇರೆ ಕಡೆ ಸಾಗಿಸಿ, ಬೀಗ ಹಾಕಿಡಿ. ವಿಷ ಸೇವಿಸಿದ್ದರೆ ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಿ.

ಎಲ್ಲಿ ವಿಚಾರಿಸಬೇಕು?

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಹಳ್ಳಿಗರ ಮನೋರೋಗಗಳಿಗೆ ಊರಿನ ಹತ್ತಿರವೇ ಚಿಕಿತ್ಸೆ ಕೊಡಬಹುದೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ಕರ್ನಾಟಕವೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿ ಸಕಲವಾರದಲ್ಲಿಯೂ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ನಡೆಸಿದ ಕೆಲಸವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ವೈದ್ಯರನ್ನು ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಅಡಿಯಲ್ಲಿ ಮನೋವೈದ್ಯರು ಬರುವ ದಿನ ಸಾಮಾನ್ಯವಾಗಿ ಮಂಗಳವಾರ; ನಿಮ್ಮ ತಾಲ್ಲೂಕಿನ ದಿನವನ್ನು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದ ಕೇಳಿ ತಿಳಿಯಿರಿ.

ಕಾರ್ಖಾನೆಯಲ್ಲಿ ಸಲಹೆಗಾರರಿದ್ದರೆ ಅವರನ್ನೂ ಕಾಣಬಹುದು. ಹೋಗುವ ಮೊದಲು ಒಂದು ಮಾತು ಕೇಳಿಕೊಳ್ಳಿ: "ನಾನು ಹೇಳಿದ್ದು ಆಫೀಸಿಗೆ ತಿಳಿಯುತ್ತದೆಯೇ, ಮೇಡಂ?" ನನ್ನ ಒಪ್ಪಿಗೆಯಿಲ್ಲದೆ ಹೇಳುವುದಿಲ್ಲ, ಪ್ರಾಣಾಪಾಯವಿದ್ದರೆ ಮಾತ್ರ ತಿಳಿಸಬೇಕಾಗುತ್ತದೆ ಎಂಬ ನೇರ ಉತ್ತರ ಬಂದರೆ ಧೈರ್ಯವಾಗಿ ಮಾತನಾಡಿ. ಉತ್ತರ ತಡವರಿಸಿದರೆ ಸರ್ಕಾರಿ ಆಸ್ಪತ್ರೆಗೆ ಬನ್ನಿ. ಬರುವಾಗ ಹಿಂದೆ ತೋರಿಸಿಕೊಂಡ ಚೀಟಿಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಇದ್ದರೆ ಇಎಸ್‌ಐ ಕಾರ್ಡು ಇವನ್ನು ತನ್ನಿ. ಆಗುವುದಾದರೆ ಸತಿಪತಿಗಳಿಬ್ಬರೂ ಬನ್ನಿ. ವೈದ್ಯರು ಮೊದಲು ರೋಗಿಯೊಡನೆ ಪ್ರತ್ಯೇಕವಾಗಿ ಮಾತನಾಡಿ, ಅನಂತರ ಇನ್ನೊಬ್ಬರನ್ನು ಒಳಗೆ ಕರೆಯುತ್ತಾರೆ.